ಹಮ್ಮಿಗಿ ಹೊಲಕ್ಕೊಂದು ವಾಚು

ವಾಚಿನ ಮಾತು ಬಂದರೆ ಈಗಲೂ ನಾನು ಹಲ್ಲು ಕಡಿಯುತ್ತೇನೆ. ಮನೆಯವರು ಅದನ್ನು ಬಿ.ಪಿ. ಅನ್ನುತ್ತಾರೆ. ಬಿ.ಪಿ. ಇರುವುದು ಖರೆ. ಆದರೆ ಇದು ಅದಲ್ಲ.

ನನ್ನ ಅಕ್ಕನನ್ನು ಕೊಟ್ಟದ್ದು ಮುಂಡರಗಿ ತಾಲೂಕಿನ ಹಮ್ಮಿಗಿಗೆ. ಹೊಳೆಯ ದಂಡೆಯ ಊರು. ಹೊಲದ ಬದಿಗೇ ಕಾಲುವೆ, ಕಾಲುವೆಯಲ್ಲಿ ವರ್ಷದ ಬಹುಕಾಲ ನೀರು. ಅಕ್ಕನಿಗೆ ಫಿಟ್ಸ್ ಬರುತ್ತವೆ. ಗದಗಿನ ಡಾಕ್ಟರು ಮುಂಜಾನೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಗುಳಿಗೆ ಬರೆದುಕೊಟ್ಟಿದ್ದಾರೆ, ಊಟವಾದ ಮೇಲೆ, ಹೊತ್ತು ತಪ್ಪದಂತೆ. "ಹೊತ್ತು ತಪ್ಪಿದ್ರ ಆಮ್ಯಾಲ ನನ್ನ ಕೇಳಬ್ಯಾಡ್ರಿ" ಎಂದು ಅವರು ಅಂದಾಗ ಅಕ್ಕ ತಣ್ಣಗೆ ತಲೆಯಾಡಿಸಿದಳು. ಪಕ್ಕದಲ್ಲಿ ಕುಳಿತಿದ್ದ ನಾನು ಬೆವರಿದೆ.

ನನ್ನ ಜಾಯಮಾನವೇ ಅಂಥದ್ದು. ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಬೆಟಗೇರಿಯ ಮನೆಗೆ ತಿರುಗಿ ಬಂದು ನೋಡುವವಳು. ನೋಡಿ ಹೋದ ಮೇಲೆ, ನೋಡುವಾಗ ಸೆರಗು ತಾಗಿ ಚಾಲೂ ಆಯಿತೇನೋ ಎಂಬ ಹೊಸ ಚಿಂತೆ ಹುಟ್ಟುತ್ತದೆ. ಶಿರಹಟ್ಟಿಯ ಒಂದು ಕಚೇರಿಯಲ್ಲಿ ಟಪಾಲು ಕಳಿಸುವುದು ನನ್ನ ನೌಕರಿ. ಲಕೋಟೆ ಅಂಟಿಸಿದ ಮೇಲೆ ಒಳಗೆ ಕಾಗದ ಇದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡುತ್ತೇನೆ. ಇಂಥವಳ ಅಕ್ಕನಿಗೆ ಇಂಥ ರೋಗ ಕೊಟ್ಟ ದೇವರಿಗೆ ತಮಾಷೆಯ ಚಟ ಇರಬೇಕು.

ಉಳ್ಳಾಗಡ್ಡಿ ಸಸಿ ಹಚ್ಚುವ ಕಾಲದಲ್ಲಿ ಒಂದು ಮಧ್ಯಾಹ್ನ ಅಕ್ಕ ಕಾಲುವೆಯ ಏರಿಯ ಮೇಲೆ ಬಿದ್ದಳು. ದೇಹ ದಂಡೆಯ ಮೇಲೆ, ಮುಖ ನೀರಿನಲ್ಲಿ. ಬಾಜೂ ಹೊಲದ ಹೆಣ್ಣುಮಗಳೊಬ್ಬಳು ನೀರು ಕುಡಿಯಲು ಬಂದವಳು ನೋಡಿ, ಕಾಲು ಹಿಡಿದು ಹಿಂದಕ್ಕೆ ಎಳೆದದ್ದರಿಂದ ಉಳಿದಳು. ಮರುದಿನ ನಾನು ಎದೆ ಹಿಡಿದುಕೊಂಡು ಹೋದರೆ, ಹಣೆಗೆ ಬಾವು ಬಂದಿದ್ದ ಅಕ್ಕ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

"ಗುಳಿಗಿ ತಗೊಂಡಿದ್ದಿಲ್ಲೇನ ಅಕ್ಕಾ?"

"ಬಸ್ ಬಂದಿದ್ದಿಲ್ಲವಾ."

"ಬಸ್ಸಿಗೂ ಗುಳಿಗಿಗೂ ಏನ್ ಸಂಬಂಧ?"

"ಮಧ್ಯಾಹ್ನ ಮುಂಡರಗಿ ಬಸ್ ಬರತೈತಲ್ಲ. ಅದು ಬಂದ ಮ್ಯಾಲ ಬುತ್ತಿ ಬಿಚ್ಚೋದು, ಗುಳಿಗಿ ತಗೊಳ್ಳೋದು. ನಿನ್ನಿ ಅದು ಎಲ್ಲೋ ಕೆಟ್ಟು ನಿಂತಿತ್ತಂತ. ಹಾದಿ ನೋಡಿಕೋತ ಕುಂತಿದ್ದೆ."

ನನಗೆ ಅಷ್ಟೇ ಸಾಕಾಯಿತು. ನನ್ನ ಅಕ್ಕ ಬಸ್ಸನ್ನು ಗಡಿಯಾರ ಮಾಡಿಕೊಂಡಿದ್ದಾಳೆ! ಅವಳ ಜೀವ ಒಂದು ಹಳೆಯ ಬಸ್ಸಿನ ಗಾಲಿಗೆ ಕಟ್ಟಿಕೊಂಡಿದೆ! ಫೋನು ಕೊಡಿಸಿ ಆಗಿತ್ತು. ನಡಕ್ಕೆ ಸಿಕ್ಕಿಸಿಕೊಂಡು ಬಗ್ಗಿದಾಗ ಅದು ಕೆಸರಿಗೆ ಬಿದ್ದು ಸತ್ತಿತ್ತು. ಮನೆಯಲ್ಲಿದ್ದ ಇನ್ನೊಂದು ಫೋನು ಭಾವನ ಅಂಗಿಯ ಕಿಸೆ ಬಿಟ್ಟು ಕದಲುವುದಿಲ್ಲ. ಹಾಗಾಗಿ ವಾಚು. ಹೊತ್ತಿಗೆ ಸರಿಯಾಗಿ ಕೂಗುವ, ನೀರಿಗೆ ಹೆದರದ, ಮಣ್ಣಿಗೆ ಜಗ್ಗದ, ನನ್ನ ಪಗಾರಕ್ಕೆ ಎಟಕುವ ವಾಚು. ವಾಪಸು ಬರುವಾಗ ಬಸ್ಸಿನಲ್ಲಿ ಕುಳಿತು ಆ ಬಸ್ಸನ್ನೇ ಬೈಯುತ್ತ ಬಂದೆ.

ಮೊದಲು ಗದಗಿನ ಬಜಾರಿನಲ್ಲಿ ಥಳಥಳ ಹೊಳೆಯುವ ಒಂದು ಅಂಗಡಿ ಹೊಕ್ಕೆ.

"ಯಾರಿಗ್ರೀ ಮೇಡಂ?"

"ಹೊಲದಾಗ ದುಡಿಯೋ ಹೆಣ್ಣಮಗಳಿಗೆ."

"ಹಂಗಾರ ಇದನ್ನ ಒಯ್ಯಿರಿ. ದಿನಕ್ಕ ಎಷ್ಟು ಹೆಜ್ಜಿ ನಡದ್ರಿ ಅಂತ ಎಣಿಸಿ ಹೇಳತೈತಿ."

"ಆಕಿ ನಡದದ್ದು ಎಣಿಸಾಕ ಹೋದ್ರ ನಿಮ್ಮ ವಾಚಿಗೇ ಚಕ್ಕರ ಬರತಾವು."

"ರಾತ್ರಿ ನಿದ್ದಿ ಎಷ್ಟಾತು ಅಂತನೂ ಹೇಳತೈತ್ರಿ."

"ಆಗಿಲ್ಲ ಅಂತ ಆಕಿಗೇ ಗೊತ್ತೈತಿ. ಚಾರ್ಜ್ ಎಷ್ಟು ದಿನಕ್ಕೊಮ್ಮೆ ಮಾಡಬೇಕು?"

"ದಿನಾ ರಾತ್ರಿ ಹಚ್ಚಿಬಿಡ್ರಿ. ಮೊಬೈಲ್ ಇದ್ದಂಗ."

ದಿನಾ ರಾತ್ರಿ! ಹೊಲದಿಂದ ಬಂದು, ದನ ಕಟ್ಟಿ, ಹಾಲು ಹಿಂಡಿ, ಅಡುಗೆ ಮಾಡಿ, ಮುಸುರೆ ತಿಕ್ಕಿದ ಮೇಲೆ ನನ್ನ ಅಕ್ಕ ವಾಚಿಗೂ ಊಟಕ್ಕಿಡಬೇಕು. ಗಂಡ, ಅತ್ತೆ, ಎಮ್ಮೆಗಳ ಸಾಲಿನಲ್ಲಿ ಇನ್ನೊಂದು ಬಾಯಿ. ನಾನು ಅಂಗಡಿಯವನಿಗೆ ಇದನ್ನೆಲ್ಲ ಜೋರು ದನಿಯಲ್ಲಿ ಹೇಳಿಯೇ ಹೊರಬಿದ್ದೆ. ಅವನೇನು ತಪ್ಪು ಮಾಡಿದ್ದ? ಏನೂ ಇಲ್ಲ. ನನ್ನ ಸಿಟ್ಟು ಹೀಗೆಯೇ, ಎದುರಿಗೆ ಸಿಕ್ಕವರ ಮೇಲೆ ಇಳಿಯುತ್ತದೆ.

ಆಮೇಲೆ ಒಂದು ಸಂಜೆ ಕಚೇರಿ ಬಿಟ್ಟು ಲಕ್ಷ್ಮೇಶ್ವರಕ್ಕೆ ಹೋದೆ. ಅಲ್ಲಿನ ಬಜಾರಿನಲ್ಲಿ ಒಂದು ಸಾಬರ ಮನೆತನದ ಹಳೆಯ ವಾಚಿನ ಅಂಗಡಿ. ಗಲ್ಲೆಯ ಮೇಲೆ ಕುಳಿತಿದ್ದ ಹಿರಿಯರು "ಬರ್ರಿ ಬಾಯೀ, ಕುಂಡ್ರಿ" ಎಂದು ಸ್ಟೂಲು ಸರಿಸಿದರು. ಬೇಕಾದದ್ದನ್ನು ಹೇಳಿದೆ. ಕರೀ ಬಣ್ಣದ, ರಬ್ಬರ್ ಪಟ್ಟಿಯ, ಅಂಕಿ ಓಡುವ ಒಂದು ಸಾದಾ ವಾಚು ತೆಗೆದು ಮುಂದಿಟ್ಟರು.

"ಸೆಲ್ ವರ್ಷಗಟ್ಟಲೆ ಬರತೈತ್ರಿ. ಚಾರ್ಜ್ ಗೀರ್ಜ್ ಉಪದ್ವ್ಯಾಪ ಇಲ್ಲ."

"ನೀರಾಗ ಬಿದ್ರ?"

"ಏನೂ ಆಗಂಗಿಲ್ರಿ. ಬರೇ ಹನಿ ತಡಿಯೋವು ಬ್ಯಾರೆ, ಇದು ಮುಳುಗಿದ್ರೂ ನಡೀತೈತಿ."

"ಮುಳುಗಿ ಅಲ್ಲೇ ಇದ್ರ?"

"ಯಾಕಿರತೈತ್ರಿ? ಕೈ ಎತ್ತತೀರಲ್ಲ."

"ಕೈ ಎತ್ತಾಕ ಆಗದಿದ್ರ?"

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಬಾಯೀ, ಹಂಗಾದ್ರ ಆಮ್ಯಾಲ ವಾಚಿನ ಚಿಂತಿ ಯಾರಿಗೈತ್ರಿ?" ಎಂದು ನಕ್ಕರು.

ಅವರಿಗೇನು ಗೊತ್ತು. ಆದರೆ ನನ್ನ ಮೈಯೆಲ್ಲ ಒಮ್ಮೆ ತಣ್ಣಗಾಯಿತು. ಆ ತಣ್ಣಗಾದದ್ದನ್ನು ಮುಚ್ಚಿಕೊಳ್ಳಲು ಮತ್ತಷ್ಟು ಪ್ರಶ್ನೆ ಕೇಳಿದೆ. ಪಟ್ಟಿ ಬಿಸಿಲಿಗೆ ಬಿರಿದರೆ? ಬೇರೆ ಪಟ್ಟಿ ಸಿಗುತ್ತದೆಯೇ? ಗಾಜಿಗೆ ಕುಡುಗೋಲು ತಾಗಿದರೆ? ಒಮ್ಮೆ ಕೂಗಿದ್ದು ಕೇಳಿಸದೇ ಹೋದರೆ? ಇದು ಬಿಟ್ಟು ಬಿಟ್ಟು ಹಲವು ಸಲ ಕೂಗುವಂತೆ ಹಚ್ಚಬಹುದು ಎಂದರು. ಕೊನೆಗೆ ಅವರ ಮಗ ಒಳಗಿನಿಂದ "ಅಬ್ಬಾ, ಅವರಿಗೆ ವಾಚ್ ಬ್ಯಾಡ, ಪೊಲೀಸ್ ಸ್ಟೇಷನ್ ಬೇಕಾಗೈತಿ ನೋಡ್ರಿ" ಎಂದದ್ದು ನನಗೆ ಕೇಳಿಸಿತು. ಕೇಳಿಸದವಳಂತೆ ಕೊಂಡುಕೊಂಡೆ. ಒಂದು ನಿತ್ಯದ ಸೀರೆಗೆ ಕೊಡುವಷ್ಟರಲ್ಲಿ ಮುಗಿಯಿತು.

ಮನೆಗೆ ತಂದು ಪರೀಕ್ಷೆ ಶುರು ಮಾಡಿದೆ. ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಿದೆ. ಜೋಳದ ಹಿಟ್ಟಿನಲ್ಲಿ ಹೂತೆ. ಪಾವಟಿಗೆಯ ಮೇಲಿನ ಮೆಟ್ಟಿಲಿನಿಂದ ಕೆಳಗೆ ಎಸೆದೆ. ಮಿಕ್ಸರ್ ಹಚ್ಚಿ, ನಲ್ಲಿ ಬಿಟ್ಟು, ಬಚ್ಚಲಲ್ಲಿ ನಿಂತು ಅದರ ಕೂಗು ಕೇಳುತ್ತದೆಯೇ ಎಂದು ಕಿವಿಗೊಟ್ಟೆ. ನನ್ನ ಗಂಡ ಪೇಪರಿನಿಂದ ತಲೆ ಎತ್ತಿ, "ವಾಚ್ ತಂದೀಯೋ, ಕಳ್ಳನ್ನ ಹಿಡದು ತಂದೀಯೋ? ಬಾಯಿ ಬಿಡಿಸಾಕತ್ತೀಯಲ್ಲ" ಎಂದರು. ಆ ವಾಚು ಎಲ್ಲವನ್ನೂ ತಡೆದುಕೊಂಡಿತು. ನಮ್ಮ ಮನೆಯಲ್ಲಿ ನನ್ನನ್ನು ತಡೆದುಕೊಂಡ ಎರಡನೆಯ ಪ್ರಾಣಿ ಅದು.

ರವಿವಾರ ಹಮ್ಮಿಗಿಗೆ ಒಯ್ದು ಅಕ್ಕನ ಕೈಗೆ ಕಟ್ಟಿದೆ. ಅವಳ ಎಡಗೈಯ ಹಸಿರು ಗಾಜಿನ ಬಳೆಗಳು ವಾಚಿಗೆ ಅಡ್ಡ ಬಂದವು. ಅಕ್ಕ ತಾನೇ ಒಂದೆರಡು ಉಳಿಸಿ ಮಿಕ್ಕವನ್ನು ಬಲಗೈಗೆ ಏರಿಸಿಕೊಂಡಳು. "ಗಂಡಸೂರ ವಾಚ್ ಇದ್ದಂಗೈತಿ" ಎಂದು ನಕ್ಕಳು. ಗುಂಡಿ ಒತ್ತುವುದನ್ನು ಒಮ್ಮೆ ತೋರಿಸಿದ್ದಕ್ಕೆ ಕಲಿತಳು. ನನಗೇ ಅದು ಬರಲು ಮೂರು ಸಂಜೆ ಬೇಕಾಗಿತ್ತು.

"ಎರಡಕ್ಕ ಕೂಗತೈತಿ. ಕೂಗಿದ ಕೂಡಲೇ ಉಣ್ಣು, ಗುಳಿಗಿ ತಗೋ. ಆ ಬಸ್ಸಿನ ಹಾದಿ ಕಾಯಬ್ಯಾಡ. ತಿಳೀತಿಲ್ಲೋ?"

ಅಕ್ಕ ವಾಚನ್ನೇ ನೋಡುತ್ತ, "ಆತು" ಎಂದಳು.

ನೀರು, ಬ್ಯಾಟರಿ, ಪಟ್ಟಿ, ಗಾಜು ಎಲ್ಲ ವಿಚಾರಿಸಿದ್ದ ನಾನು ಆ "ಆತು" ಯಾಕೆ ಅಷ್ಟು ತಡವಾಗಿ ಬಂತೆಂದು ವಿಚಾರಿಸಲಿಲ್ಲ.

ಆಮೇಲೆ ಭಾವನ ಫೋನಿಗೆ ಆಗಾಗ ಕರೆ ಮಾಡುತ್ತಿದ್ದೆ. "ವಾಚ್ ಹೆಂಗೈತ್ರಿ ಭಾವಾರ?" ಎಂದರೆ, "ಭಾಳ ಛಲೋ ಐತಿ ಬಿಡವಾ! ಒಂದ್ ನಿಮಿಷ ಹಿಂದಿಲ್ಲ ಮುಂದಿಲ್ಲ" ಎನ್ನುತ್ತಿದ್ದರು. ಎಷ್ಟು ಕಾಳಜಿಯ ಮನುಷ್ಯ ಎಂದುಕೊಳ್ಳುತ್ತಿದ್ದೆ. ಚಿಂತೆ ಮಾಡುವವರ ಕಣ್ಣು ಬಲು ಚೂಪು, ಆದರೆ ಅದು ಹೊರಳುವುದು ಯಾವಾಗಲೂ ಬೇರೆ ಕಡೆಗೇ.

ನನ್ನ ಭಾವ ಕುಡಿಯುವುದಿಲ್ಲ. ಅಕ್ಕನ ಮೇಲೆ ಕೈ ಎತ್ತಿದವರಲ್ಲ. ಊರಲ್ಲಿ ಅವರನ್ನು ಛಲೋ ಮನುಷ್ಯ ಅನ್ನುತ್ತಾರೆ. ಮುಂಜಾನೆ ಮುಂಡರಗಿಗೆ ಹೋಗುತ್ತಾರೆ. ಮಾಲಿನ ದರ ಕೇಳುವುದು, ಬೀಜ ಗೊಬ್ಬರ ನೋಡುವುದು, ನಾಲ್ಕು ಮಂದಿಯ ಜೊತೆ ಕುಳಿತು ದೇಶದ ಕಾರಭಾರ ತೀರಿಸುವುದು. ಮಧ್ಯಾಹ್ನದ ಮೇಲೆ ಹೊಲಕ್ಕೆ ಬರುತ್ತಾರೆ. ಇಂಥ ಮನುಷ್ಯನ ಮೇಲೆ ಸಿಟ್ಟಾಗುವುದು ಎಷ್ಟು ಕಷ್ಟ ಎಂದು ಅವರ ನಾದಿನಿಯಾದವಳಿಗೇ ಗೊತ್ತು. ಹಿಡಿಯಲು ಒಂದು ಜುಟ್ಟೂ ಸಿಗುವುದಿಲ್ಲ.

ಬೇಸಿಗೆ ಶುರುವಾದ ಹೊತ್ತಿಗೆ ಅಕ್ಕನ ಗುಳಿಗೆ ಮುಗಿಯುತ್ತ ಬಂದಿದ್ದವು. ಒಂದು ದಿನ ರಜೆ ಹಾಕಿ, ಗದಗಿನಲ್ಲಿ ಗುಳಿಗೆ ತೆಗೆದುಕೊಂಡು ಹೊರಟೆ. ಮುಂಡರಗಿಯಲ್ಲಿ ಇಳಿದಾಗ ಗಂಟಲು ಒಣಗಿತ್ತು. ನಿಲ್ದಾಣದ ಎದುರಿನ ಹೋಟೆಲ್ಲಿಗೆ ಚಹಾ ಕುಡಿಯಲು ಹೋದೆ. ಒಳಗೆ ಭಾವ ಇಬ್ಬರು ಗೆಳೆಯರೊಂದಿಗೆ ಚುರುಮುರಿ ಗಿರಮಿಟ್ಟು, ಮಿರ್ಚಿಭಜಿ ಇಟ್ಟುಕೊಂಡು ಕುಳಿತಿದ್ದರು. ನಾನು ಕರೆಯಬೇಕೆನ್ನುವಷ್ಟರಲ್ಲಿ ಪೀಂ ಪೀಂ ಎಂದು ಒಂದು ಕೂಗು. ಆ ಕೂಗನ್ನು ನಾನು ಬಚ್ಚಲಲ್ಲಿ ನಿಂತು ಕೇಳಿದವಳು. ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

ಭಾವ ಮಾತು ನಿಲ್ಲಿಸದೆ, ಕೈಯನ್ನು ನೋಡದೆ, ಹೆಬ್ಬೆರಳಿನಿಂದ ಗುಂಡಿ ಒತ್ತಿದರು. ಮತ್ತೊಂದು ಮಿರ್ಚಿ ಎತ್ತಿಕೊಂಡರು.

ನಾನು ಹೋಗಿ ಮುಂದೆ ನಿಂತೆ.

"ಅರೆ! ಯಾವಾಗ ಬಂದೆವಾ? ಬಾ, ಕುಂಡ್ರು. ಇಲ್ಲೊಂದು ಪ್ಲೇಟ್ ಗಿರಮಿಟ್ ಹಚ್ಚರೀ."

"ಭಾವಾರ, ಅದು ಅಕ್ಕನ ವಾಚ್ ಅಲ್ಲನ್ರೀ?"

"ಹೂಂ, ಅದ. ಏನ್ ವಾಚ್ ತಂದೀಯವಾ! ಮೋಟಾರ್ ರಿಪೇರಿಗೆ ಬಾವ್ಯಾಗ ಇಳದಿದ್ದೆ, ನೀರಾಗ ಮುಳುಗಿದ್ರೂ ಏನಾಗಿಲ್ಲ."

"ನಿಮ್ಮ ಕೈಯಾಗ ಯಾಕೈತ್ರಿ?"

"ಬಳಿ ಕೈಗೆ ರಬ್ಬರ್ ಪಟ್ಟಿ ಚಂದ ಕಾಣತೈತೇನವಾ? ಅವ್ವನೂ ಬ್ಯಾಡ ಅಂದ್ಲು. ಸುಮ್ನ ಪೆಟ್ಟಿಗ್ಯಾಗ ಬಿದ್ದಿರೋದಕ್ಕಿಂತ..."

"ಈಗ ಕೂಗಿತಲ್ರೀ, ಅದು ಯಾಕ ಕೂಗಿತು?"

"ಅದಾ? ದಿನಾ ಕೂಗತೈತಿ. ಈ ಗುಂಡಿ ಐತಲ್ಲ, ಇದನ್ನ ಒತ್ತಿದ್ರ ಸುಮ್ನಾಗತೈತಿ." ಯಾವ ಗುಂಡಿ ಎಂದು ನನಗೇ ತೋರಿಸಿದರು.

ಗೆಳೆಯರಲ್ಲೊಬ್ಬರು, "ಮನಿಯಾಗಿನವರಿಗೂ ಹಂಗೊಂದು ಗುಂಡಿ ಇದ್ದಿದ್ರ ಎಷ್ಟ ಛಲೋ ಇತ್ರೀ!" ಎಂದು ತೊಡೆ ತಟ್ಟಿ ನಕ್ಕರು. ಭಾವನೂ ನಕ್ಕರು. ನಾನು ಹಾಗೆಯೇ ನಿಂತಿರುವಾಗ ವಾಚು ಎರಡನೆಯ ಸಲ ಕೂಗಿತು. ಭಾವನ ಹೆಬ್ಬೆರಳು ತಾನಾಗಿ ಗುಂಡಿಯ ಕಡೆ ಹೋಯಿತು.

"ತಗೀರಿ" ಎಂದೆ.

"ಏನವಾ?"

"ವಾಚ್ ತಗೀರಿ. ಕೊಡ್ರಿ ಇಲ್ಲೆ."

"ಬಿಸಿಲಾಗ ಬಂದಿ, ಮೊದಲ ಚಾ ಕುಡಿ..."

"ಇದು ಆಕಿ ಗುಳಿಗಿ ಹೊತ್ತು ಭಾವಾರ. ಆಕಿ ಮತ್ತೊಮ್ಮೆ ಕಾಲುವ್ಯಾಗ ಬಿದ್ದು ಹೋದ್ಲು ಅಂತ ಖಬರ ಬರತೈತಲ್ಲ, ಆವಾಗ ಈ ಗುಂಡಿ ಒತ್ತರಿ. ಎಲ್ಲಾ ಸುಮ್ನಾಗತೈತಿ."

ಮಿರ್ಚಿ ಕರಿಯುತ್ತಿದ್ದವನ ಜಾಲರಿ ಸೌಟು ಬಾಣಲೆಯ ಮೇಲೆಯೇ ನಿಂತಿತು. ಭಾವ ಪಟ್ಟಿ ಬಿಚ್ಚಿ ಕೊಟ್ಟರು. ಬಿಸಿಲಿಗೆ ಕಪ್ಪಾದ ಅವರ ಮುಂಗೈಯಲ್ಲಿ ವಾಚಿದ್ದ ಜಾಗ ಮಾತ್ರ ಬೆಳ್ಳಗಿತ್ತು. ನಿನ್ನೆ ಮೊನ್ನೆ ಕಟ್ಟಿಕೊಂಡದ್ದಲ್ಲ ಎಂದು ಅದನ್ನು ನೋಡಿದರೆ ತಿಳಿಯುತ್ತಿತ್ತು. ಭಾವನ ಎದುರು, ಅದೂ ಅಷ್ಟು ಮಂದಿಯ ಮುಂದೆ, ನಾನು ಜೀವನದಲ್ಲಿ ಮೊದಲ ಸಲ ದನಿ ಎತ್ತಿದ್ದೆ. ಹೊರಗೆ ಬಂದೆ. ಚಹಾದ ದುಡ್ಡು ಕೊಟ್ಟೆನೋ ಇಲ್ಲವೋ ಎಂಬ ಚಿಂತೆ ಆ ಹೊತ್ತಿನಲ್ಲೂ ಬಂತು. ಚಹಾ ಕುಡಿದೇ ಇರಲಿಲ್ಲ.

ಬಸ್ಸಿಗೆ ಕಾಯದೆ, ಮಂದಿ ತುಂಬಿಕೊಂಡು ಹೊರಟಿದ್ದ ಒಂದು ಟಂಟಂ ಹಿಡಿದು ಹಮ್ಮಿಗಿಗೆ ಹೋದೆ. ದಾರಿಯುದ್ದಕ್ಕೂ ಅಕ್ಕನ ಮುಖ ನೀರಿನಲ್ಲಿರುವ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು. ಹೊಲದ ಬದುವಿನ ಮೇಲೆ ಓಡುತ್ತ ಹೋದರೆ, ಅಕ್ಕ ಬೇವಿನ ಗಿಡದ ನೆರಳಲ್ಲಿ ಕುಳಿತಿದ್ದಳು. ಮುಂದೆ ಬುತ್ತಿಯ ಗಂಟು. ಬಿಚ್ಚಿರಲಿಲ್ಲ.

"ಗುಳಿಗಿ ತಗೊಂಡೇನು?"

"ಉಂಡಿಲ್ಲಲ್ಲ ಇನ್ನಾ. ಬರತಾರ ಈಗ."

"ಯಾರು?"

"ನಿಮ್ಮ ಭಾವ. ಮಧ್ಯಾಹ್ನದ ಬಸ್ಸಿಗೆ ಬರತಾರಲ್ಲ. ಅವರು ಉಂಡ ಮ್ಯಾಲ ಉಣ್ಣೋದು, ಉಂಡ ಮ್ಯಾಲ ಗುಳಿಗಿ."

ನಾನು ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟೆ. ಅವಳು ಬಸ್ಸಿನ ಹಾದಿ ಕಾಯುತ್ತಿರಲಿಲ್ಲ. ಬಸ್ಸಿನೊಳಗಿನ ಗಂಡನ ಹಾದಿ ಕಾಯುತ್ತಿದ್ದಳು. ಗಂಡ ಉಂಡೆದ್ದ ಮೇಲೆ ಹೆಂಡತಿ ಉಣ್ಣುವುದು. ನಮ್ಮ ಅವ್ವ ಹಾಗೆ ಉಂಡಳು, ಅವಳ ಅವ್ವ ಹಾಗೆ ಉಂಡಳು. ಪಗಾರ ತರುವ, ಕಚೇರಿಯಲ್ಲಿ ಶಿಕ್ಕಾ ಹೊಡೆಯುವ ನಾನೂ ಬೆಟಗೇರಿಯ ಮನೆಯಲ್ಲಿ ಗಂಡನ ತಾಟಿಗೆ ಬಡಿಸಿ, ಅವರು ಕೈ ತೊಳೆದ ಮೇಲೆಯೇ ಕೂಡುತ್ತೇನೆ. ಯಾರಾದರೂ ಕೇಳಿದರೆ "ರೂಢಿ" ಅನ್ನುತ್ತೇನೆ. ಇದಕ್ಕೆ ಯಾವ ವಾಚು ತರಬೇಕಿತ್ತು? ಲಕ್ಷ್ಮೇಶ್ವರದ ಹಿರಿಯರಿಗೆ ನಾನು ಕೇಳಿದ ಅಷ್ಟು ಪ್ರಶ್ನೆಗಳಲ್ಲಿ ಇದೊಂದು ಇರಲಿಲ್ಲ.

ಹಿಡಿದುಕೊಂಡಿದ್ದ ವಾಚನ್ನು ಅವಳ ಮುಂದೆ ಹಿಡಿದೆ. "ಇದನ್ನ ಯಾಕ ಕೊಟ್ಟಿ? ಬಳಿ ಅಡ್ಡ ಬಂದೂ ಅಂತ ಹೇಳಬ್ಯಾಡ ಮತ್ತ."

"ಬಳಿ ಏನ್ ಮಾಡತಾವ? ಆ ಮಾತು ಅತ್ತಿ ಅಂದಿದ್ದು. ಅಂತಿರತಾಳ." ಅಕ್ಕ ಬುತ್ತಿಯ ಗಂಟನ್ನು ಬೆರಳಿನಿಂದ ಒತ್ತುತ್ತ ಕುಳಿತಳು. "ಮೊದಲ ಹೊತ್ತು ಗೊತ್ತಾಗತಿದ್ದಿಲ್ಲ ತಂಗಿ. ಸುಮ್ನ ಕುಂತಿರತಿದ್ದೆ. ಇದು ಬಂದ ಮ್ಯಾಲ ಕೂಗಾಕ ಹತ್ತಿತು. ಇದು ಕೂಗತೈತಿ, ಅವರು ಬಂದಿರಂಗಿಲ್ಲ. ಮತ್ತ ಕೂಗತೈತಿ, ಬಂದಿರಂಗಿಲ್ಲ. ಕೂಗು ಕೇಳಿದ್ರ ಎದಿ ಝಲ್ ಅಂತಿತ್ತು. ಅದಕ್ಕ ಅವರ ಕೈಗೇ ಕಟ್ಟಿದೆ. ಕೂಗಿದಾಗರ ನನ್ನ ನೆನಪಾಗಿ ಜಲ್ದಿ ಬರಲಿ ಅಂತ."

ಸುಳ್ಳು ಹೇಳಬಹುದಿತ್ತು. ಬಾಯಿ ಮುಚ್ಚಿಕೊಂಡಾದರೂ ಇರಬಹುದಿತ್ತು. ಅವಳ ಮನಸ್ಸು ನೋಯಿಸಿದರೆ ಫಿಟ್ಸ್ ಬಂದೀತೇ ಎಂಬ ಚಿಂತೆಯೂ ಬಂತು. ಆದರೆ ಸಿಟ್ಟು ಚಿಂತೆಗಿಂತ ಮುಂದೆ ಓಡಿತು.

"ಈಗ ಮುಂಡರಗ್ಯಾಗ ಕೂಗಿತು ಅಕ್ಕಾ. ನನ್ನ ಕಣ್ಣ ಮುಂದ. ಗುಂಡಿ ಒತ್ತಿದ್ರು. ಮಿರ್ಚಿ ತಿಂದ್ರು."

ಗಂಟಿನ ಮೇಲೆ ಆಡುತ್ತಿದ್ದ ಅಕ್ಕನ ಬೆರಳು ನಿಂತಿತು.

"ಗಿರಮಿಟ್ಟೂ ಇತ್ತು" ಎಂದೆ. ಹೇಳಬಾರದಿತ್ತೇನೋ. ಆದರೆ ಆ ಗಿರಮಿಟ್ಟನ್ನು ನನ್ನೊಬ್ಬಳ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.

ಅವಳು ಒಮ್ಮೆ ರಸ್ತೆಯ ಕಡೆ ನೋಡಿದಳು. ಆಮೇಲೆ ಗಂಟು ಬಿಚ್ಚಿದಳು. ಗಂಟು ಬಿಗಿಯಾಗಿತ್ತು. ಬೆರಳಿಗೆ ಬಗ್ಗದಾಗ ಹಲ್ಲಿನಿಂದ ಎಳೆದಳು. ರೊಟ್ಟಿ ಮುರಿದು, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಚ್ಚಿಕೊಂಡು ಉಣ್ಣತೊಡಗಿದಳು. ನನಗೂ ಒಂದು ರೊಟ್ಟಿ ಒಗೆದಳು. ಅಕ್ಕ ಸಿಟ್ಟಿನಲ್ಲಿ ಉಣ್ಣುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ರೊಟ್ಟಿ ಮುರಿಯುವ ಸಪ್ಪಳ ಕಟಕಟ ಕೇಳುತ್ತಿತ್ತು. ಉಂಡು, ನೀರು ಕುಡಿದು, ಗುಳಿಗೆ ನುಂಗಿದಳು. ಆಮೇಲೆ ಎಡಗೈ ನನ್ನ ಮುಂದೆ ಚಾಚಿದಳು. ನಾನು ವಾಚು ಕಟ್ಟಿದೆ. ಪಟ್ಟಿಯ ತೂತು ಹುಡುಕಲು ನನಗೆ ಕಣ್ಣು ಕಾಣುತ್ತಿರಲಿಲ್ಲ. "ಚಾಳೀಸ ಹಾಕ್ಕೋ, ಇಲ್ಲಂದ್ರ ನಾಳಿತನಕ ಕಟ್ಟತಿ" ಎಂದಳು.

ಭಾವ ಬಂದಾಗ ಬಿಸಿಲು ವಾಲಿತ್ತು. ಬದುವಿನ ಮೇಲೆ ನಿಧಾನ ನಡೆದು ಬಂದರು. ನನ್ನನ್ನು ನೋಡಿ, ಅಕ್ಕನ ಕೈ ನೋಡಿ, ನೆರಳಿನಲ್ಲಿ ಕುಳಿತರು. ಚಪ್ಪಲಿ ಬಿಟ್ಟು, ಕಾಲು ಚಾಚಿ, ಎಂದಿನಂತೆ ತಾಟಿನ ಹಾದಿ ನೋಡಿದರು. ಅಕ್ಕ ಕುಡುಗೋಲು ಹಿಡಿದು ಎದ್ದು ನಿಂತಿದ್ದಳು.

"ಊಟ?" ಎಂದರು.

"ಗಂಟಿನ್ಯಾಗ ಐತಿ. ಹಚ್ಚಿಕೊಂಡು ಉಣ್ರಿ" ಎಂದು ಅಕ್ಕ ಹೊಲಕ್ಕೆ ಇಳಿದಳು.

ಭಾವ ಆ ಗಂಟನ್ನು ನೋಡುತ್ತ ಕುಳಿತರು. ಆಮೇಲೆ ನನ್ನ ಮುಖ ನೋಡಿದರು. ರೊಟ್ಟಿ ತೆಗೆದು ಮುಂದಿಡಲು ನನ್ನ ಕೈ ತಾನಾಗಿ ಏಳುತ್ತಿತ್ತು. ಅದನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕುಳಿತೆ.